ನಾನು ಕಾರ್ಲೈಲ್ ಪಕ್ಷ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಪಕ್ಷವಿಲ್ಲದವನಿಗೆ ನೆಮ್ಮದಿಯಿಲ್ಲ. ರಾಜಕೀಯದ ಮಾತಲ್ಲ, ಆಟದ ಪಕ್ಷ. ಗಣಿತದವರು ಕ್ರಿಕೆಟ್ಟಿನಲ್ಲಿ ಬೆಂಗಳೂರಿನ ಪರ. ರಸಾಯನಶಾಸ್ತ್ರದವರು ಇಂಗ್ಲೆಂಡಿನ ಯಾವುದೋ ಕಾಲ್ಚೆಂಡಿನ ತಂಡಕ್ಕಾಗಿ ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ತೂಕಡಿಸುವವರು. ನಾನೊಬ್ಬ ಮಾತ್ರ ಬಹುಕಾಲ ಯಾವ ಪಕ್ಷಕ್ಕೂ ಸೇರದೆ, ಕಾಫಿ ಕುಡಿಯುತ್ತ ಎರಡೂ ಕಡೆಯವರ ಬೈಗುಳವನ್ನು ಕೇಳಿಕೊಂಡಿದ್ದೆ.

“ಕನ್ನಡ ಮೇಷ್ಟ್ರಿಗೆ ಯಾವ ತಂಡವೂ ಇಲ್ಲವೇನ್ರೀ?” ಎಂದು ಒಂದು ದಿನ ಗಣಿತದವರು ಕೆಣಕಿದರು.

“ಏಕಿಲ್ಲ? ನಾನು ಕಾರ್ಲೈಲ್ ಪಕ್ಷ” ಎಂದೆ.

ಇಂಗ್ಲಿಷ್ ಪ್ರಾಧ್ಯಾಪಕರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. “ಯಾರು, ಥಾಮಸ್ ಕಾರ್ಲೈಲನೆ? ಅವನಿಗೆ ಜನ್ಮವೆಲ್ಲ ಅಜೀರ್ಣ. ಅವನು ಚೆಂಡು ಒದ್ದದ್ದು ಯಾವಾಗ?” ಎಂದರು.

ಆ ಮಹಾನುಭಾವನಲ್ಲವೆಂದೂ, ನನ್ನದು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಕಾರ್ಲೈಲ್ ಊರಿನ ಶಾಲೆಯ ತಂಡವೆಂದೂ, ಅದು ಹಾರ್ವರ್ಡ್, ಯೇಲ್ ಮೊದಲಾದ ದೊಡ್ಡ ಕಾಲೇಜುಗಳೊಡನೆ ಸರಿಸಮವಾಗಿ ಆಡುತ್ತಿತ್ತೆಂದೂ ವಿವರಿಸಬೇಕಾಯಿತು. “ಈ ವರ್ಷ ಹೇಗೆ ಆಡುತ್ತಿದ್ದಾರೆ?” ಎಂಬ ಪ್ರಶ್ನೆ ಬಂದಾಗ ಮಾತ್ರ ಸ್ವಲ್ಪ ಸಂಕೋಚವಾಯಿತು. ಏಕೆಂದರೆ ಆ ತಂಡ ಕಡೆಯ ಪಂದ್ಯವಾಡಿದ್ದು 1917ರಲ್ಲಿ. ಮರುವರ್ಷ ಶಾಲೆಯೇ ಮುಚ್ಚಿಹೋಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನಾಕೆ, “ಒಳ್ಳೆಯದೇ ಆಯಿತು ಬಿಡಿ, ನಿಮ್ಮ ತಂಡ ಇನ್ನು ಸೋಲುವ ಹಾಗಿಲ್ಲ” ಎಂದಳು. ಮಾತು ನಿಜ. ಆದರೆ ಸೋಲು ಗೆಲವುಗಳು ಆಟ ನಿಂತ ಮೇಲೂ ಮುಗಿಯುವುದಿಲ್ಲವೆಂಬುದನ್ನು ಆಕೆಗೆ ಆಗ ನಾನು ಹೇಳಿರಲಿಲ್ಲ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ ನಮ್ಮ ಮೈದಾನಗಳಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಚೆಂಡು ಗುಂಡಗಿಲ್ಲ, ಎರಡು ತುದಿಯೂ ಚೂಪು. ಅದನ್ನು ಒದೆಯುವುದಕ್ಕಿಂತ ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ಓಡುವವನನ್ನು ಹನ್ನೊಂದು ಜನ ಬಿದ್ದು ನೆಲಕ್ಕೆ ಕೆಡವುವುದೇ ಎದುರಾಳಿಗಳ ಧರ್ಮ. ಎದುರು ಗೆರೆಯನ್ನು ದಾಟಿಸಿದರೆ ಅದು ಟಚ್‌ಡೌನ್; ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದು ಹಾರಿಸಿದರೆ ಅದಕ್ಕೆ ಬೇರೆ ಅಂಕ. ಇಷ್ಟು ತಿಳಿದರೆ ನಮ್ಮ ಕಥೆಗೆ ಸಾಕು. ಉಳಿದ ನಿಯಮಗಳನ್ನು ಅಮೆರಿಕದಲ್ಲಿರುವ ನನ್ನ ಭಾವಮೈದ ಎರಡು ಗಂಟೆ ಕಾಲ ಫೋನಿನಲ್ಲಿ ವಿವರಿಸಿದ. ನನಗೆ ಮೊದಲು ಅರ್ಥವಾಗಿದ್ದುದೂ ಮರೆತುಹೋಯಿತು.

ಕಾರ್ಲೈಲ್ ಶಾಲೆಯನ್ನು 1879ರಲ್ಲಿ ತೆರೆದವನು ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೈನ್ಯಾಧಿಕಾರಿ. ಹಳೆಯ ಸೈನಿಕ ಬಿಡಾರವೇ ಶಾಲೆಯ ಕಟ್ಟಡ. ಅಮೆರಿಕದ ಮೂಲನಿವಾಸಿಗಳ, ಎಂದರೆ ಒಬ್ಬ ನಾವಿಕನ ತಪ್ಪು ಎಣಿಕೆಯಿಂದಾಗಿ ನಮ್ಮ ಹೆಸರನ್ನೇ ಹೊತ್ತುಕೊಂಡ ಆ ‘ಇಂಡಿಯನ್’ ಜನರ, ಮಕ್ಕಳನ್ನು ಸಾವಿರಾರು ಮೈಲಿಗಳಿಂದ ರೈಲಿನಲ್ಲಿ ತಂದು, ಅವರೊಳಗಿನ ಇಂಡಿಯನ್ನನನ್ನು ಅಳಿಸಿ ಬಿಳಿಯರಂತೆ ಮಾಡುವುದೇ ಪ್ರ್ಯಾಟ್‌ನ ಸಂಕಲ್ಪ. ಬಂದೊಡನೆ ಕೂದಲು ಕತ್ತರಿಸಿದರು. ಸಮವಸ್ತ್ರ ತೊಡಿಸಿದರು. ಮನೆಯ ಮಾತನ್ನು ಆಡಕೂಡದೆಂದರು. ಮೊದಲ ವರ್ಷವೇ ಅಲ್ಲಿಗೆ ಹೋದ ಲ್ಯೂಥರ್ ಸ್ಟ್ಯಾಂಡಿಂಗ್ ಬೇರ್ ಎಂಬ ಲಕೋಟ ಜನಾಂಗದ ಹುಡುಗ ಮುಂದೆ ದೊಡ್ಡವನಾಗಿ ತನ್ನ ಕಥೆಯನ್ನು ಬರೆದಿದ್ದಾನೆ. ಕರಿಹಲಗೆಯ ಮೇಲೆ ಏನೋ ಗೀಚಿದ್ದರಂತೆ. ಕೈಗೆ ಒಂದು ಕೋಲು ಕೊಟ್ಟು ಆರಿಸಿಕೊಳ್ಳೆಂದರಂತೆ. ಅಕ್ಷರವರಿಯದ ಹುಡುಗ ಒಂದು ಗೀಚನ್ನು ಮುಟ್ಟಿದ. ಅದು ‘ಲ್ಯೂಥರ್’. ಅಂದಿನಿಂದ ಅವನ ಹೆಸರು ಅದೇ ಆಯಿತು.

ಹಾಜರಿ ಪುಸ್ತಕ ಹಿಡಿದು ದಿನವೂ ನೂರು ಹೆಸರು ಕೂಗುವ ಕಸುಬಿನವನು ನಾನು. ಈ ಸಂಗತಿಯನ್ನು ಓದಿದ ದಿನ, ಎರಡನೆಯ ಪೀರಿಯಡ್ಡಿನಲ್ಲಿ ಹೆಸರುಗಳನ್ನು ಎಂದಿಗಿಂತ ನಿಧಾನವಾಗಿ ಕೂಗಿದೆ. ಹುಡುಗರು ನನಗೆ ಗಂಟಲು ಕೆಟ್ಟಿದೆ ಎಂದುಕೊಂಡರು.

ಇಂತಹ ಶಾಲೆಯಲ್ಲಿ ಫುಟ್‌ಬಾಲ್ ಹೇಗೆ ಬಂತು? ಹುಡುಗರೇ ತಂದುಕೊಂಡರು. ಒಬ್ಬ ಹುಡುಗನ ಕಾಲು ಮುರಿದುದನ್ನು ಕಂಡು ಪ್ರ್ಯಾಟ್ ಹೊರಗಿನ ತಂಡಗಳೊಡನೆ ಆಟವನ್ನೇ ನಿಲ್ಲಿಸಿದ್ದ. ಒಂದು ದಿನ ಹುಡುಗರ ಗುಂಪು ಅವನ ಕೊಠಡಿಗೆ ಬಂದು, ನಮಗೆ ಆಡಲು ಬಿಡಬೇಕೆಂದು ನ್ಯಾಯವಾದಿಗಳಂತೆ ವಾದಿಸಿತು. ಪ್ರ್ಯಾಟ್ ಎರಡು ಷರತ್ತು ಹಾಕಿದನೆಂದು ತಾನೇ ಹೇಳಿಕೊಂಡಿದ್ದಾನೆ. ಎದುರಾಳಿ ಹೊಡೆದರೂ ನೀವು ಕೈಯೆತ್ತಿ ಹೊಡೆಯಕೂಡದು. ಮೂರುನಾಲ್ಕು ವರ್ಷಗಳೊಳಗೆ ದೇಶದ ಅತಿ ದೊಡ್ಡ ತಂಡವನ್ನು ಸೋಲಿಸಬೇಕು. ಷರತ್ತಿನ ಕ್ರೌರ್ಯವೂ ಅದರೊಳಗಿನ ಉತ್ತೇಜನವೂ ಒಟ್ಟಿಗೇ ಇವೆ. ಇಡೀ ಶಾಲೆಯ ಕಥೆಯೇ ಹೀಗೆ.

1896ರ ಒಂದೇ ಋತುವಿನಲ್ಲಿ ಈ ಹುಡುಗರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯ ನಾಲ್ಕನ್ನೂ ಎದುರಿಸಿದರು. ನಾಲ್ಕಕ್ಕೂ ಸೋತರು. ಆದರೆ ಯೇಲ್ ಪಂದ್ಯದ ಸೋಲು ನೆನೆದರೆ ಇಂದೂ ನನ್ನ ಹೊಟ್ಟೆ ಉರಿಯುತ್ತದೆ. ನಮ್ಮವನೊಬ್ಬ ಹಿಡಿದವರನ್ನೆಲ್ಲ ಕೊಡವಿಕೊಂಡು ಗೆರೆ ದಾಟಿದ. ರೆಫರಿ ಅದಕ್ಕೆ ಮುಂಚೆಯೇ ಸೀಟಿ ಊದಿದೆನೆಂದು ಹೇಳಿ ಅಂಕವನ್ನು ಕಿತ್ತುಕೊಂಡ. ನೋಡುತ್ತಿದ್ದ ಜನವೇ ಕೂಗಿ ಪ್ರತಿಭಟಿಸಿತು. ಆ ರೆಫರಿ ಯಾರೆಂದುಕೊಂಡಿರಿ? ಯೇಲ್‌ನಲ್ಲೇ ಓದಿದವನು, ಸಾಲದುದಕ್ಕೆ ಆ ವರ್ಷ ಕಾರ್ಲೈಲ್ ತಂಡಕ್ಕೆ ತರಬೇತುದಾರನಾಗಿದ್ದವನೂ ಅವನೇ!

1899ರಲ್ಲಿ ಬಂದವನು ಗ್ಲೆನ್ ವಾರ್ನರ್. ‘ಪಾಪ್’ ವಾರ್ನರ್ ಎಂದೇ ಪ್ರಸಿದ್ಧ. ಕಾರ್ನೆಲ್‌ನಲ್ಲಿ ಕಾನೂನು ಓದಿದವನು. ಕಾನೂನು ಎಲ್ಲಿ ಸುಮ್ಮನಿದೆಯೋ ಅಲ್ಲಿ ದಾರಿಯಿದೆ ಎಂಬ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದ. ನಮ್ಮ ಹುಡುಗರು ಎದುರಾಳಿಗಳಿಗಿಂತ ಮೈಯಲ್ಲಿ ಸಣ್ಣವರು. ಮೈಯಿಂದ ಗೆಲ್ಲಲಾಗದ್ದನ್ನು ಕಾಲಿನ ವೇಗದಿಂದಲೂ ಕಣ್ಣುಕಟ್ಟಿನಿಂದಲೂ ಗೆಲ್ಲಬೇಕೆಂದು ಅವನು ಬಹುಬೇಗ ಕಂಡುಕೊಂಡ.

1903ರ ಹಾರ್ವರ್ಡ್ ಪಂದ್ಯದ ಪ್ರಸಂಗವನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎರಡನೆಯ ಅರ್ಧದ ಆರಂಭ. ಹಾರ್ವರ್ಡಿನವರು ಚೆಂಡನ್ನು ಎತ್ತರಕ್ಕೆ ಒದ್ದರು. ಜಿಮ್ಮಿ ಜಾನ್ಸನ್ ಹಿಡಿದ. ತಕ್ಷಣ ಕಾರ್ಲೈಲ್ ಹುಡುಗರೆಲ್ಲ ಅವನನ್ನು ಸುತ್ತುಗಟ್ಟಿದರು. ಆ ಕ್ಷಣದಲ್ಲಿ ಜಾನ್ಸನ್ ಚೆಂಡನ್ನು ಚಾರ್ಲಿ ಡಿಲನ್ ಎಂಬವನ ಬೆನ್ನಿನ ಮೇಲೆ, ಅಂಗಿಯ ಒಳಗೆ ತುರುಕಿಬಿಟ್ಟ. ಆ ಅಂಗಿಯ ಅಂಚಿಗೆ ದರ್ಜಿಯಿಂದ ಮೊದಲೇ ಎಲಾಸ್ಟಿಕ್ ಹೊಲಿಸಿ ಇಟ್ಟಿದ್ದರು! ಗುಂಪು ಚದರಿತು. ಒಬ್ಬೊಬ್ಬನೂ ತಲೆಯ ತೊಗಲುಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಒಂದೊಂದು ದಿಕ್ಕಿಗೆ ಓಡಿದ. ಹಾರ್ವರ್ಡಿನವರು ಟೋಪಿ ಹಿಡಿದವರನ್ನೆಲ್ಲ ಬೆನ್ನಟ್ಟಿದರು. ಎರಡು ಕೈಯನ್ನೂ ಬೀಸುತ್ತ ಓಡುತ್ತಿದ್ದ ಡಿಲನ್ನನ ಕಡೆ ಯಾರೂ ನೋಡಲಿಲ್ಲ. ಬರಿಗೈಯವನನ್ನು ಹಿಡಿದೇನು ಪ್ರಯೋಜನ? ಅವನು ಗೂನುಬೆನ್ನು ಹೊತ್ತು ಗೆರೆ ದಾಟಿದ. ಜಾನ್ಸನ್ ಹಿಂದಿನಿಂದ ಓಡಿಬಂದು ಅಂಗಿಯೊಳಗಿನಿಂದ ಚೆಂಡನ್ನು ಎಳೆದು ನೆಲಕ್ಕೆ ಮುಟ್ಟಿಸಿದ. ಇಂತಹದೊಂದು ಆದೀತೆಂದು ವಾರ್ನರ್ ರೆಫರಿಗೆ ಮೊದಲೇ ತಿಳಿಸಿದ್ದನಾದ್ದರಿಂದ ಅಂಕ ಉಳಿಯಿತು.

ಆ ಪಂದ್ಯವನ್ನು ಕೊನೆಗೆ ಹಾರ್ವರ್ಡೇ 12–11ರಿಂದ ಗೆದ್ದಿತು. ಅದು ಗೌಣ. ಮುನ್ನೂರು ವರ್ಷ ಬಿಳಿಯರ ಕರಾರು ಪತ್ರಗಳಿಂದ ಮೋಸಹೋದ ಜನಾಂಗದ ಮಕ್ಕಳು, ಒಂದು ಮಧ್ಯಾಹ್ನ ದೇಶದ ಅತ್ಯಂತ ಪ್ರತಿಷ್ಠಿತ ವಿದ್ಯಾಲಯವನ್ನು ಸಾವಿರಾರು ಜನರ ಕಣ್ಣೆದುರು ಟೋಪಿಗಳ ಹಿಂದೆ ಓಡಿಸಿದರಲ್ಲ! ನನ್ನಾಕೆ ಕೂಡ ಈ ಕಥೆಗೆ ನಕ್ಕಳು.

ಆದರೆ ತರಬೇತಿಯ ನಿಜವಾದ ಹಿರಿಮೆ ಇಂತಹ ಚಮತ್ಕಾರಗಳಲ್ಲಿ ಇಲ್ಲ. 1905ರ ಸುಮಾರಿಗೆ ಆಟ ಕೊಲೆಗಡುಕತನಕ್ಕೆ ಇಳಿದು, ಮೈದಾನದಲ್ಲಿ ಹುಡುಗರು ಸಾಯತೊಡಗಿ, ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಮಧ್ಯೆ ಬರಬೇಕಾಯಿತು. 1906ರಲ್ಲಿ ನಿಯಮ ಬದಲಾಯಿಸಿ ಚೆಂಡನ್ನು ಮುಂದಕ್ಕೆ ಎಸೆಯಬಹುದೆಂದರು. ದೊಡ್ಡ ಕಾಲೇಜುಗಳು ಅದನ್ನು ಹೆಂಗಸರ ಆಟವೆಂದು ಮೂಗುಮುರಿದವು. ಭಾರದ ದೇಹಗಳಿಂದ ತಳ್ಳಿ ಗೆಲ್ಲುತ್ತಿದ್ದವರಿಗೆ ಎಸೆತ ಏತಕ್ಕೆ ಬೇಕು? ನಡುವೆ ಮೂರು ವರ್ಷ ಬಿಟ್ಟುಹೋಗಿ 1907ರಲ್ಲಿ ಮರಳಿದ ವಾರ್ನರ್ ಮಾತ್ರ, ಇದು ನನ್ನ ಹುಡುಗರಿಗಾಗಿಯೇ ಮಾಡಿದ ನಿಯಮವೆಂದು ತಿಳಿದ. ಚೆಂಡನ್ನು ಬುಗುರಿಯಂತೆ ಸುತ್ತುತ್ತ ಹಾರುವ ಹಾಗೆ ಎಸೆಯುವುದನ್ನು ಹುಡುಗರು ಅಭ್ಯಾಸ ಮಾಡಿದರು. ಆ ವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ 26–6ರಿಂದ ಮಣ್ಣು ಮುಕ್ಕಿತು. ಹಾರ್ವರ್ಡ್ 23–15ರಿಂದ ಸೋತಿತು. ಇಂದು ಅಮೆರಿಕದವರು ಕೋಟಿಗಟ್ಟಲೆ ಡಾಲರು ಚೆಲ್ಲಿ ನೋಡುವ ಎಸೆತದ ಆಟಕ್ಕೆ ಓನಾಮ ಹಾಕಿಕೊಟ್ಟವರಲ್ಲಿ ಈ ಅನಾಥಪ್ರಾಯ ಹುಡುಗರೇ ಮೊದಲಿಗರು. ತರಬೇತುದಾರ ತನ್ನ ಪೂರ್ವಗ್ರಹಕ್ಕೆ ಹುಡುಗರನ್ನು ಎರಕ ಹೊಯ್ಯದೆ, ಹುಡುಗರ ಕೈಕಾಲುಗಳಿಗೆ ತಕ್ಕ ಆಟವನ್ನು ಕಟ್ಟಿದ. ಪಾಠ ಹೇಳುವವರಲ್ಲಿ ನಾವೆಷ್ಟು ಜನ ಹಾಗೆ ಮಾಡುತ್ತೇವೆ?

ಜಿಮ್ ಥಾರ್ಪ್‌ನ ಹೆಸರನ್ನು ಕೇಳಿದವರು ನಮ್ಮಲ್ಲೂ ಇದ್ದಾರೆ. ಒಕ್ಲಹಾಮದ ಸ್ಯಾಕ್ ಮತ್ತು ಫಾಕ್ಸ್ ಜನಾಂಗದವನು. ಮೈದಾನದ ಓಟ ನೆಗೆತಗಳಲ್ಲಿ ಅಷ್ಟು ದೊಡ್ಡ ಪಟುವನ್ನು ಫುಟ್‌ಬಾಲಿಗೆ ಬಿಟ್ಟು ಕಾಲು ಮುರಿಸಲು ವಾರ್ನರನಿಗೆ ಇಷ್ಟವಿರಲಿಲ್ಲ. ಹಟ ಹಿಡಿದವನಿಗೆ, “ಹಾಗಾದರೆ ಇವರಿಗೆ ಕೆಡವುವ ಅಭ್ಯಾಸ ಮಾಡಿಸು” ಎಂದು ಚೆಂಡು ಕೊಟ್ಟನಂತೆ. ಥಾರ್ಪ್ ಇಡೀ ತಂಡವನ್ನು ಸೀಳಿಕೊಂಡು ಆ ಕೊನೆಗೆ ಹೋಗಿ, ಮತ್ತೆ ಈ ಕೊನೆಗೆ ಬಂದನಂತೆ. 1911ರ ನವೆಂಬರಿನಲ್ಲಿ ಹಾರ್ವರ್ಡಿನೊಡನೆ ಪಂದ್ಯ. ನಮ್ಮ ಕಡೆ ಕೈಬೆರಳೆಣಿಕೆಯ ಬದಲಿ ಆಟಗಾರರು. ಥಾರ್ಪ್‌ನ ಕಾಲಿಗೆ ಪೆಟ್ಟಾಗಿ ಪಟ್ಟಿ ಸುತ್ತಿದೆ. ಅದೇ ಕಾಲ ಮೇಲೆ ನಿಂತು ನಾಲ್ಕು ಸಲ ಕಂಬಗಳ ನಡುವೆ ಹಾರಿಸಿದ, ಟಚ್‌ಡೌನ್ ಬೇರೆ. ಕಾರ್ಲೈಲ್ 18, ಹಾರ್ವರ್ಡ್ 15.

ಮರುವರ್ಷ ಸ್ಟಾಕ್‌ಹೋಮಿನ ಒಲಿಂಪಿಕ್ಸ್‌ನಲ್ಲಿ ಪೆಂಟಾತ್ಲಾನ್, ಡೆಕಾತ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದವನು, ಅದೇ ನವೆಂಬರ್ 9ರಂದು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ಎದುರು ನಿಂತ. ಹಿಂದೆ 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟ ಜನರನ್ನು, ಹೆಂಗಸರು ಮಕ್ಕಳೆನ್ನದೆ ಕೊಂದು ಇಪ್ಪತ್ತೆರಡೇ ವರ್ಷವಾಗಿತ್ತು. ಎದುರಿನ ಹುಡುಗರ ಹಿರಿಯರು ನಿಮ್ಮ ಹಿರಿಯರೊಡನೆ ಹೋರಾಡಿದವರೆಂಬುದನ್ನು ಮರೆಯಬೇಡಿರೆಂದು ವಾರ್ನರ್ ಪಂದ್ಯಕ್ಕೆ ಮುಂಚೆ ಹೇಳಿದನೆನ್ನುತ್ತಾರೆ. ಹೇಳುವ ಅಗತ್ಯವಿತ್ತೆಂದು ನನಗೇನೋ ತೋರುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ನಿಂತು ಆಟದ ಸೂತ್ರ ಹಿಡಿದವನು ಗಸ್ ವೆಲ್ಚ್, ಒಜಿಬ್ವೆ ಜನಾಂಗದವನು. 27–6. ಆ ದಿನ ಥಾರ್ಪ್‌ನನ್ನು ಕೆಡವಹೋಗಿ ಮೊಣಕಾಲು ನೋಯಿಸಿಕೊಂಡ ಒಬ್ಬ ಸೈನಿಕ ವಿದ್ಯಾರ್ಥಿಯ ಹೆಸರು ಡ್ವೈಟ್ ಐಸೆನ್‌ಹೋವರ್. ಮುಂದೆ ಅದೇ ಮೊಣಕಾಲು ಪೂರ್ತಿ ಕೆಟ್ಟು ಅವನ ಆಟ ಮುಗಿಯಿತು. ಯುದ್ಧವನ್ನೂ ಅಧ್ಯಕ್ಷ ಪದವಿಯನ್ನೂ ನೆಚ್ಚಿಕೊಳ್ಳಬೇಕಾಯಿತು.

ಇಲ್ಲಿಗೆ ನಿಲ್ಲಿಸಿದರೆ ಅಭಿಮಾನಿಗೆ ಸುಖ. ಆದರೆ ಎರಡೇ ತಿಂಗಳಲ್ಲಿ, 1913ರ ಜನವರಿಯಲ್ಲಿ, ಥಾರ್ಪ್ ಹಿಂದೆ ಎರಡು ಬೇಸಗೆ ಉತ್ತರ ಕೆರೊಲೈನದಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂದು ಪತ್ರಿಕೆಯೊಂದು ಬರೆಯಿತು. ಹಣ ಪಡೆದವನು ಒಲಿಂಪಿಕ್ಸ್‌ಗೆ ಅನರ್ಹ. ಆ ಕಾಲದಲ್ಲಿ ಅನೇಕ ಕಾಲೇಜು ಹುಡುಗರು ಹಾಗೆ ಆಡುತ್ತಿದ್ದರು, ಸುಳ್ಳು ಹೆಸರಿನಲ್ಲಿ. ಥಾರ್ಪ್ ತನ್ನ ಹೆಸರಿನಲ್ಲೇ ಆಡಿದ್ದ. ತನಗೇನೂ ಗೊತ್ತಿರಲಿಲ್ಲವೆಂದು ವಾರ್ನರ್ ಕೈತೊಳೆದುಕೊಂಡ. ಇತಿಹಾಸಕಾರರಲ್ಲಿ ಹಲವರು ಅದನ್ನು ನಂಬುವುದಿಲ್ಲ. ಥಾರ್ಪ್‌ನ ಸಹಿಯಿಂದ ಒಂದು ತಪ್ಪೊಪ್ಪಿಗೆಯ ಪತ್ರ ಹೋಯಿತು: ತಾನು ಏನೂ ಅರಿಯದ ಇಂಡಿಯನ್ ಶಾಲಾಬಾಲಕನೆಂದು. ಆ ಪತ್ರದ ಒಕ್ಕಣೆ ವಾರ್ನರನದೆಂದೇ ಹೆಚ್ಚಿನವರ ಅಭಿಪ್ರಾಯ. ಶಿಷ್ಯನ ಉತ್ತರಪತ್ರಿಕೆಯಲ್ಲಿ ಗುರುವಿನ ಕೈಬರಹ ಕಂಡಾಗ ಆಗುವ ಕಸಿವಿಸಿಯೇ ಅದನ್ನು ಓದಿದಾಗ ನನಗಾಯಿತು. ಆಕ್ಷೇಪಣೆಯನ್ನು ಮೂವತ್ತು ದಿನಗಳೊಳಗೆ ಎತ್ತಬೇಕೆಂಬ ನಿಯಮವೇ ಇತ್ತು. ಕಾನೂನು ಓದಿದ ಗುರುವಿಗೆ, ಅಂಗಿಯೊಳಗೆ ಚೆಂಡು ಬಚ್ಚಿಡುವಷ್ಟು ಸೂಕ್ಷ್ಮವಾಗಿ ನಿಯಮಗಳನ್ನು ಓದುತ್ತಿದ್ದವನಿಗೆ, ಆ ನಿಯಮ ಮಾತ್ರ ಕಣ್ಣಿಗೆ ಬೀಳಲಿಲ್ಲ. ಪದಕಗಳು ಹೋದವು.

ಮುಂದಿನ ಕೆಲಸವನ್ನು ಹುಡುಗರೇ ಮಾಡಿದರು. ಗಸ್ ವೆಲ್ಚ್ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಹಾಕಿಸಿ ಸರ್ಕಾರಕ್ಕೆ ಅರ್ಜಿ ಕೊಟ್ಟ. 1914ರಲ್ಲಿ ಕಾಂಗ್ರೆಸ್ಸಿನ ಸಮಿತಿ ಶಾಲೆಗೇ ಬಂದು ವಿಚಾರಣೆ ನಡೆಸಿತು. ತರಬೇತುದಾರ ಹುಡುಗರನ್ನು ಹೊಲಸು ಮಾತಿನಿಂದ ಬೈಯುತ್ತಾನೆ, ಹೊಡೆಯುತ್ತಾನೆ. ಹೋಟೆಲಿನ ಮೊಗಸಾಲೆಯಲ್ಲಿ ಟಿಕೆಟು ಮಾರುತ್ತಾನೆ. ಪಂದ್ಯಗಳ ಹಣ ಓದಿಗೆ ಬಾರದೆ ಆಟದ ಖಾತೆಯಲ್ಲೇ ಸುತ್ತುತ್ತದೆ ಎಂದು ಸಾಕ್ಷ್ಯಗಳು ಬಂದವು. ವೆಲ್ಚ್ ಯಾವ ಗುರುವಿನ ಕೈಕೆಳಗೆ ಪ್ರಖ್ಯಾತನಾದನೋ ಅವನಿಗೆ ನೀತಿಯಿಲ್ಲವೆಂದು ಎದ್ದುನಿಂತು ಹೇಳಿದ. ಶಾಲೆಯ ಮುಖ್ಯಸ್ಥ ಕೆಲಸ ಕಳೆದುಕೊಂಡ. ವಾರ್ನರ್ ಪಿಟ್ಸ್‌ಬರ್ಗಿಗೆ, ಅಲ್ಲಿಂದ ಸ್ಟ್ಯಾನ್‌ಫರ್ಡಿಗೆ ಹೋಗಿ ಇನ್ನೂ ದೊಡ್ಡವನಾದ. ಇಂದಿಗೂ ಅಮೆರಿಕದ ಪುಟ್ಟ ಮಕ್ಕಳ ಫುಟ್‌ಬಾಲ್ ಸಂಘ ಅವನ ಹೆಸರಿನಲ್ಲೇ ಇದೆ.

ವಾರ್ನರನನ್ನು ಏನೆಂದು ಕರೆಯಲಿ? ಆ ಹುಡುಗರಲ್ಲಿ ಅಷ್ಟು ಬುದ್ಧಿಯಿದೆಯೆಂದು ನಂಬಿ ಅದಕ್ಕೆ ತಕ್ಕ ಆಟ ಕಟ್ಟಿದವನು ಆ ಕಾಲದಲ್ಲಿ ಅವನೊಬ್ಬನೇ. ಆಟ ಮುಗಿದ ಮೇಲೆ ಅವರನ್ನು ಕೈಬಿಟ್ಟವನೂ ಅವನೇ. ಅವನನ್ನು ದೂರಲು ಕುಳಿತಾಗೆಲ್ಲ ನನ್ನದೇ ಒಂದು ಸಂಗತಿ ಅಡ್ಡ ಬರುತ್ತದೆ.

ಮೂರು ವರ್ಷದ ಹಿಂದೆ ನಾನು ನಮ್ಮ ಕಾಲೇಜಿನ ಕ್ರೀಡಾ ಸಮಿತಿಯಲ್ಲಿದ್ದೆ. ಅಂತರ ಕಾಲೇಜು ಕಾಲ್ಚೆಂಡಿನ ಕೊನೆಯ ಪಂದ್ಯ. ವಿರಾಮದ ಹೊತ್ತಿಗೆ ನಮ್ಮ ಬಲಗಡೆಯ ಮುನ್ನಡೆ ಆಟಗಾರನ ಪಾದದ ಗಂಟು ಊದಿ ಬೂಟು ಬಿಗಿಯುತ್ತಿತ್ತು. ಹಳ್ಳಿಯಿಂದ ಬಂದವನು, ಆಟದ ಮೀಸಲಾತಿಯಲ್ಲಿ ಸೀಟು ಪಡೆದವನು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆಲ್ಲಿತ್ತು? ತರಬೇತಿಯವರು ನನ್ನ ಮುಖ ನೋಡಿದರು. “ಇನ್ನು ಅರ್ಧ ಗಂಟೆ ತಾನೆ?” ಎಂದೆ ನಾನು. ಆ ಮಾತು ಬೇರೆ ಯಾರದೂ ಅಲ್ಲ, ನನ್ನದೇ. ಹುಡುಗ ಆಡಿದ. ನಾವು ಗೆದ್ದೆವು. ಬಟ್ಟಲು ಹಿಡಿದ ಭಾವಚಿತ್ರದಲ್ಲಿ ಅವನು ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿರುವುದು, ನೋಡಬಲ್ಲವರಿಗೆ ಕಾಣುತ್ತದೆ. ಮರುವರ್ಷ ಅವನು ಆಡಲಿಲ್ಲ. ನಾನು ಸಮಿತಿಯಿಂದ ಬಿಡುಗಡೆ ಕೇಳಿಕೊಂಡೆ. ಕಾರಣವನ್ನು ‘ಸಂಶೋಧನೆಯ ಒತ್ತಡ’ ಎಂದು ಬರೆದುಕೊಟ್ಟೆ.

ಕಾರ್ಲೈಲ್ ಶಾಲೆಯನ್ನು 1918ರಲ್ಲಿ ಮುಚ್ಚಿ ಸೈನ್ಯದ ಆಸ್ಪತ್ರೆ ಮಾಡಿದರು. ಶಾಲೆಯಿದ್ದಾಗ ಸತ್ತ ನೂರೆಂಬತ್ತಕ್ಕೂ ಹೆಚ್ಚು ಮಕ್ಕಳ ಸಮಾಧಿಗಳು ಅಲ್ಲೇ ಸಾಲಾಗಿದ್ದವು. ಅಸ್ಥಿಗಳನ್ನು ಅವರವರ ಜನಾಂಗಕ್ಕೆ ಮರಳಿಸುವ ಕೆಲಸವನ್ನು ಸೈನ್ಯ ಆರಂಭಿಸಿದ್ದು 2017ರಲ್ಲಿ. 2024ರ ಡಿಸೆಂಬರಿನಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಥಾರ್ಪ್ 1953ರಲ್ಲಿ ಬಡತನದಲ್ಲಿ ತೀರಿಕೊಂಡ. ಒಲಿಂಪಿಕ್ ಸಮಿತಿ 1982ರಲ್ಲಿ ಅವನ ಹೆಸರನ್ನು ಮತ್ತೊಬ್ಬರ ಜೊತೆಗೆ ಸೇರಿಸಿ, 2022ರ ಜುಲೈನಲ್ಲಿ ಕೊನೆಗೂ ಅವನೊಬ್ಬನೇ ವಿಜೇತನೆಂದು ಬರೆದುಕೊಂಡಿತು. ಪೆನ್ಸಿಲ್ವೇನಿಯದ ಒಂದು ಊರು ಪ್ರವಾಸಿಗರ ಆಸೆಯಿಂದ ಅವನ ಶವವನ್ನು ತರಿಸಿಕೊಂಡು, ತನ್ನ ಹಳೆಯ ಹೆಸರನ್ನು ಬಿಟ್ಟು ‘ಜಿಮ್ ಥಾರ್ಪ್’ ಎಂದೇ ಹೆಸರಿಟ್ಟುಕೊಂಡಿತು. ತಂದೆಯನ್ನು ಒಕ್ಲಹಾಮದ ಮಣ್ಣಿಗೆ ಒಯ್ಯಬೇಕೆಂದು ಮಕ್ಕಳು ವ್ಯಾಜ್ಯ ಹೂಡಿದರು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಇದಿಷ್ಟನ್ನೂ ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ನನ್ನಾಕೆಗೆ ಹೇಳಿದೆ. ಆಕೆ ಬಡಿಸುವ ಸೌಟನ್ನು ಹಿಡಿದುಕೊಂಡೇ ಕೇಳಿದಳು:

“ಮನೆಗೆ ಕಳಿಸಲೇ ಇಲ್ಲವೆ?”

“ಇಲ್ಲ” ಎಂದೆ.

“ಮತ್ತೆ ನಿಮ್ಮ ಆ ಹುಡುಗ? ಕಾಲು ಉಳುಕಿದವನು? ಈಗ ಎಲ್ಲಿದ್ದಾನೆ?”

ಹಾಸನದ ಕಡೆಯವನು ಎಂಬುದು ನೆನಪಿತ್ತು. ವಿಳಾಸ ಕಾಲೇಜಿನ ಹಳೆಯ ದಾಖಲಾತಿ ಪುಸ್ತಕದಲ್ಲಿ ಇದ್ದೀತು. ನಾಳೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಹೋಗಿ, ಗುಮಾಸ್ತರನ್ನು ಕೇಳಿಕೊಳ್ಳಬೇಕೆಂದಿದ್ದೇನೆ.